ಬನ್ನಣ್ಣ ಹೇಳದ ಮಾತು

‘ಸಂಶೋಧನೆ ಮತ್ತು ಬರವಣಿಗೆ’ ಎಂಬ ಪಾಠವನ್ನು ಆ ಕಾಲೇಜಿನಲ್ಲಿ ಯಾರೂ ಬೇಕೆಂದು ಕೇಳಿ ಪಡೆದವರಿಲ್ಲ. ವೇಳಾಪಟ್ಟಿ ಹಂಚುವ ದಿನ ಯಾರು ರಜೆಯಲ್ಲಿರುತ್ತಾರೋ ಅವರ ತಲೆಗೆ ಅದು ಬೀಳುತ್ತಿತ್ತು. ಆ ವರ್ಷ ಭಾಷಾ ವಿಭಾಗದ ಮೇಡಂ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದರು. ಮರಳಿ ಬರುವಷ್ಟರಲ್ಲಿ ಅವರ ಹೆಸರಿನ ಮುಂದೆ ಆ ಪಾಠವೂ ಅದಕ್ಕೆ ಹೊಸದಾಗಿ ಅಂಟಿಸಿದ ವಿಷಯವೂ ಬರೆದಾಗಿತ್ತು: ಹವಾಮಾನ ಬದಲಾವಣೆ. ವಿದ್ಯಾರ್ಥಿಗಳೆಲ್ಲ ಈ ಒಂದೇ ವಿಷಯದ ಮೇಲೆ ಓದಬೇಕು, ಹುಡುಕಬೇಕು, ಬರೆಯಬೇಕು.

“ಸರ್, ನಾನು ವ್ಯಾಕರಣ ಕಲಿಸೋಳು,” ಎಂದರು ಮೇಡಂ, ಪ್ರಿನ್ಸಿಪಾಲರ ಮೇಜಿನ ಮುಂದೆ ನಿಂತು. “ನನಗೆ ಹವಾ ಗೊತ್ತಿಲ್ಲ. ಇದನ್ನ ಒಪ್ಕೊಂಡ್ರೆ ಮಾನವೂ ಉಳಿಯೋದಿಲ್ಲ.”

ಪ್ರಿನ್ಸಿಪಾಲರು ಮನಸಾರೆ ನಕ್ಕರು. ನಗುವುದರಲ್ಲಿ ಅವರು ಧಾರಾಳಿ. “ಹವಾಮಾನ ಮಕ್ಕಳೇ ಓದ್ಕೋತಾರೆ ಮೇಡಂ. ನೀವು ಬರೆಯೋದು ಕಲಿಸಿ, ಸಾಕು.”

ಮೇಡಂ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಅರೆಮನಸ್ಸಿನಿಂದ ಮಾಡುವ ಜಾಯಮಾನ ಅವರದಲ್ಲ. ಬೇಸಿಗೆ ರಜೆಯೆಲ್ಲ ಕೂತು ಓದಿದರು. ಗ್ರಂಥಾಲಯದ ದಪ್ಪ ವರದಿಗಳನ್ನು ಮನೆಗೆ ಹೊತ್ತು ತಂದರು. ಗಂಡನಿಗೆ ಬೇರೆ ಊರಲ್ಲಿ ಕೆಲಸ. ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರೇ. ಸೊಸೆ ಊಟದ ಹೊತ್ತಿಗೆ ಸಮುದ್ರಮಟ್ಟದ ಮಾತೆತ್ತಿದರೆ ಅತ್ತೆ, “ಮೊದಲು ನಮ್ಮ ಟ್ಯಾಂಕಿನ ಮಟ್ಟ ನೋಡು, ತುಂಬಿ ಸುರೀತಿದೆ,” ಎನ್ನುತ್ತಿದ್ದರು.

ತರಗತಿ ಶುರುವಾಗಿ ಮೊದಲ ಪ್ರಬಂಧಗಳ ಕಟ್ಟು ಬಂತು. ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನಿನಿಂದಾಗಿಯೇ ವಿದ್ಯಾರ್ಥಿಗಳ ನಡುವೆ ಅವರ ಹೆಸರು ಕೆಂಪಮ್ಮ. ಪ್ರಬಂಧಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಹುಟ್ಟಿ, ‘ನಾವೆಲ್ಲರೂ ಕೈಜೋಡಿಸೋಣ’ ಎಂದು ಕಣ್ಣು ಮುಚ್ಚುತ್ತಿದ್ದವು. ನಡುವೆ ಎಲ್ಲೋ ಒಂದು ಕಡೆ ಭೂಮಿತಾಯಿ ಕಣ್ಣೀರಿಡುತ್ತಿದ್ದಳು. ಒಬ್ಬನಂತೂ ಅಂತರ್ಜಾಲದಿಂದ ನಕಲು ಮಾಡುವ ಭರದಲ್ಲಿ ಹಿಮನದಿ ಕರಗುವ ಸಾಲಿನ ಕೆಳಗೆ ‘ಇದನ್ನೂ ಓದಿ: ಬೇಸಿಗೆಯಲ್ಲಿ ತ್ವಚೆಯ ಆರೈಕೆ’ ಎಂಬುದನ್ನೂ ಬಿಡದೆ ಬರೆದಿದ್ದ.

ಮರುದಿನ ತರಗತಿಯಲ್ಲಿ ಮೇಡಂ ಕೇಳಿದರು: “ಭೂಮಿತಾಯಿ ಅತ್ತಿದ್ದನ್ನ ಕಣ್ಣಾರೆ ಕಂಡವರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಪ್ರತಿ ಅಂಕಕ್ಕೂ ವಾದ ಹೂಡುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ವಕೀಲೆ ಎನ್ನುತ್ತಿದ್ದರು. “ಮೇಡಂ, ಅದು ಅಲಂಕಾರ. ನೀವೇ ಹೋದ ವರ್ಷ ಪಾಠ ಮಾಡಿದ್ರಿ.”

“ಅಲಂಕಾರಕ್ಕೆ ಮೊದಲು ಮೈ ಇರಬೇಕಮ್ಮಾ. ಇಲ್ಲಿ ಬರೀ ಒಡವೆ ಇದೆ, ತೊಡೋಳು ಕಾಣ್ತಿಲ್ಲ.”

ಆಮೇಲೆ ಕರಿಹಲಗೆಯ ಮೇಲೆ ಹೊಸ ಕೆಲಸ ಬರೆದರು. ಇಬ್ಬಿಬ್ಬರು ಸೇರಬೇಕು. ಈ ಊರಿನಲ್ಲಿ, ಬಿಸಿಲಿನಲ್ಲೋ ಬೆಂಕಿಯ ಎದುರೋ ದುಡಿಯುವ ಒಬ್ಬರನ್ನು ಆರಿಸಿಕೊಳ್ಳಬೇಕು. ಸೆಖೆಯಿಂದ ಅವರ ಕೆಲಸ ಬದಲಾಗಿದೆಯೇ ಎಂದು ಹೋಗಿ ಕೇಳಬೇಕು, ಸಾಧ್ಯವಾದರೆ ಅಳೆಯಬೇಕು, ಬರೆಯಬೇಕು. “ಉತ್ತರ ಗೊತ್ತಿಲ್ಲದ ಪ್ರಶ್ನೆ ಇಟ್ಕೊಂಡು ಹೋಗಿ,” ಎಂದರು.

“ಉತ್ತರ ಗೊತ್ತಿಲ್ದೇ ಹೇಗೆ ಬರೆಯೋದು ಮೇಡಂ?” ಎಂದಿತು ಹಿಂದಿನ ಬೆಂಚು.

“ಪರೀಕ್ಷೆಲಿ ಬರೀತೀರಲ್ಲ, ಹಾಗೇ.”

ಎಲ್ಲರೂ ನಕ್ಕರು. ಮೇಡಂ ಕೂಡ ಅಂದು ಹಗುರಾಗಿ ಮನೆಗೆ ಹೋದರು.

ವಕೀಲೆಗೆ ಜೋಡಿಯಾಗಿ ಸಿಕ್ಕವನು ಉದ್ದನೆಯ, ಮಾತೇ ಆಡದ ಹುಡುಗ. ಹಾಜರಿ ಕೂಗಿದಾಗಲೂ ಕೈ ಎತ್ತುವನೇ ಹೊರತು ಬಾಯಿ ಬಿಡುವವನಲ್ಲ. ಅವನನ್ನು ಮೌನಿ ಎನ್ನುತ್ತಿದ್ದರು. ಇಬ್ಬರೂ ಕಾಲೇಜಿನ ಹಿಂದಿನ ಗಲ್ಲಿಯ ಬೇಕರಿಯನ್ನು ಆರಿಸಿಕೊಂಡರು. ಅಲ್ಲಿ ಭಟ್ಟಿಯ ಮುಂದೆ ನಿಂತು ಬ್ರೆಡ್ಡು ಬನ್ನು ಬೇಯಿಸುವವನನ್ನು ಗಲ್ಲಿಯವರೆಲ್ಲ ಕರೆಯುವುದು ಬನ್ನಣ್ಣ ಎಂದು.

ಕೆಲವು ವಾರಗಳ ಮೇಲೆ ಕರಡು ಪ್ರತಿಗಳು ಬಂದವು. ಹೆಚ್ಚಿನವು ಮೊದಲಿನಂತೆಯೇ ಇದ್ದವು; ಭೂಮಿತಾಯಿ ಈಗ ಕಟ್ಟಡದ ಕೆಲಸದವರ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಳು, ಅಷ್ಟೇ ವ್ಯತ್ಯಾಸ. ಆದರೆ ವಕೀಲೆಯ ಪ್ರತಿ ತೆರೆದ ಮೇಡಂ ನೆಟ್ಟಗೆ ಕುಳಿತರು. ಅದು ಹೀಗೆ ಶುರುವಾಗಿತ್ತು: “‘ಮೊದಲು ಬೆಂಕಿ ಭಟ್ಟಿಯೊಳಗೆ ಮಾತ್ರ ಇತ್ತು,’ ಎನ್ನುತ್ತಾರೆ ಬನ್ನಣ್ಣ. ‘ಈಗ ಬಾಗಿಲು ತೆರೆದರೆ ಬೀದಿಯಲ್ಲೂ ಅದೇ ಬೆಂಕಿ. ಹಿಟ್ಟು ಉಬ್ಬುವ ಮೊದಲೇ ನನ್ನ ಉಸಿರು ಉಬ್ಬಿ ಬರುತ್ತದೆ.’” ಇಪ್ಪತ್ತು ವರ್ಷದಿಂದ ಭಟ್ಟಿ ಕಾಯುತ್ತಿರುವ ಬನ್ನಣ್ಣ ಮೊದಲು ಕೋಳಿ ಕೂಗಿದ ಮೇಲೆ ಏಳುತ್ತಿದ್ದನಂತೆ. ಈಗ ಹಗಲಿನ ಸೆಖೆಗೆ ಹೆದರಿ ಊರು ಮಲಗುವ ಹೊತ್ತಿಗೆ ಎದ್ದು ಬರುತ್ತಾನಂತೆ. ಮಗಳು ಅಪ್ಪನ ಮುಖ ನೋಡುವುದು ವಾರಕ್ಕೊಮ್ಮೆ. ಒಂದು ಸಾಲೂ ಹೆಚ್ಚಿಲ್ಲ, ಒಂದು ಪದವೂ ಸಡಿಲವಿಲ್ಲ.

ಕೊನೆಯ ಪುಟದಲ್ಲಿ ಮಾತ್ರ ಬೇರೆ ಕೈಯ ಒಂದು ಪ್ಯಾರಾ ಇತ್ತು. ಮೌನಿಯದು. ಬೇಕರಿಯ ಬಾಗಿಲಲ್ಲೂ ಬೀದಿಯಲ್ಲೂ ಉಷ್ಣಮಾಪಕ ಹಿಡಿದು ಅಳೆದೆ, ಶಟರ್ ಮೇಲಿದ್ದಾಗ ಒಂದು ಅಳತೆ, ಕೆಳಗಿದ್ದಾಗ ಇನ್ನೊಂದು ಬರುತ್ತದೆ, ಹೋಲಿಸಲು ಹಳೆಯ ಅಳತೆಗಳು ಇಲ್ಲ, ಆದ್ದರಿಂದ ಇದರಿಂದ ಏನನ್ನೂ ಹೇಳಲಾಗದು ಎಂದು ಬರೆದಿದ್ದ. ಹಾಲಿಗೆ ಹುಳಿ ಹಿಂಡಿದ ಹಾಗೆನಿಸಿತು ಮೇಡಂಗೆ. ಅಡ್ಡಡ್ಡ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದರು: ‘ನೀರಸ. ಬೇಕಿಲ್ಲ.’

ಆ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. “ನೋಡಿ, ಹೀಗೆ ಬರೀಬೇಕು,” ಎಂದರು. ಮನೆಗೂ ಒಯ್ದರು. ಇನ್ನೊಂದು ಕಣ್ಣಿನ ಪೊರೆಯನ್ನೂ ಈಚೆಗೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಕೂತಿದ್ದ ಅತ್ತೆ ಕೇಳಿಸಿಕೊಂಡು, ಕನ್ನಡಕದ ಕೆಳಗಿನಿಂದ ಸೆರಗು ತೂರಿಸಿ ಕಣ್ಣೊರೆಸಿಕೊಂಡರು.

“ಅತ್ತೆ, ಡಾಕ್ಟರು ಅಳಬಾರದು ಅಂದಿದ್ದಾರೆ.”

“ಮತ್ಯಾಕೆ ಓದಿದೆ? ಪಾಪ, ಆ ಮಗು ಅಪ್ಪನ ಮುಖ ನೋಡೋದೇ ವಾರಕ್ಕೊಂದ್ಸಲವಂತೆ!”

ಪ್ರಿನ್ಸಿಪಾಲರೂ ಓದಿದರು. ಕಾಲೇಜಿನಲ್ಲಿ ಹವಾಮಾನ ಸಪ್ತಾಹ ಮಾಡುವ ಯೋಜನೆ ಅವರ ತಲೆಯಲ್ಲಿ ಮೊದಲೇ ಇತ್ತು. ದೊಡ್ಡ ಅಧಿಕಾರಿಯೊಬ್ಬರು ಅತಿಥಿಯಾಗಿ ಬರುವವರಿದ್ದರು. ಪ್ರಬಂಧಗಳದೊಂದು ಪುಸ್ತಿಕೆ ಅಚ್ಚಿಗೆ ಹೋಯಿತು. ಬನ್ನಣ್ಣನ ಪ್ರಬಂಧವೇ ಮೊದಲ ಪುಟ. ಅಷ್ಟಕ್ಕೆ ಪ್ರಿನ್ಸಿಪಾಲರಿಗೆ ತೃಪ್ತಿಯಾಗಲಿಲ್ಲ. “ಆ ಬನ್ನಣ್ಣನನ್ನೇ ವೇದಿಕೆಗೆ ಕರೆಸೋಣ ಮೇಡಂ. ಸನ್ಮಾನ ಮಾಡೋಣ. ಅವನ ಬಾಯಿಂದಲೇ ಆ ಬೆಂಕಿ ಮಾತು ಹೇಳಿಸೋಣ. ನೀವೇ ಹೋಗಿ ಕರೆದು ಬನ್ನಿ.”

ಮೇಡಂ ಮಧ್ಯಾಹ್ನದ ಬಿಡುವಿನಲ್ಲಿ ಕೊಡೆ ಹಿಡಿದು ಹಿಂದಿನ ಗಲ್ಲಿಗೆ ಹೋದರು. ಬೇಕರಿಯ ಮುಂಭಾಗದಲ್ಲಿ ಗಾಜಿನ ಕಪಾಟು, ಬಿಸ್ಕತ್ತಿನ ಡಬ್ಬಗಳು. ಪಕ್ಕದ ಕಿರಿದಾದ ಓಣಿಯಲ್ಲಿ ನಡೆದರೆ ಹಿಂದೆ ಭಟ್ಟಿಯ ಕೋಣೆ. ಗೋಡೆಗಳು ಹೊಗೆಗೆ ಕಂದಿದ್ದವು, ನೆಲದಲ್ಲಿ ಹಿಟ್ಟು ಉದುರಿ ಹೆಜ್ಜೆ ಗುರುತುಗಳಾಗಿದ್ದವು. ಒಂದರ ಮೇಲೊಂದು ಪೇರಿಸಿದ ಕಪ್ಪು ಟ್ರೇಗಳ ಪಕ್ಕ ಬನಿಯನ್ ತೊಟ್ಟ ನಡುವಯಸ್ಸಿನವನೊಬ್ಬ ಮಗುಚಿದ ಡಬ್ಬದ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನೇ ಬನ್ನಣ್ಣ. ಮೇಡಂ ಯಾರೆಂದು ತಿಳಿದು ಎದ್ದು ನಿಂತ, ಡಬ್ಬವನ್ನು ಒರೆಸಿ ಅವರಿಗೇ ಕೊಟ್ಟ.

“ನಮ್ಮ ಹುಡುಗಿ ನಿಮ್ಮ ಹತ್ರ ಮಾತಾಡಿದ್ದಳಲ್ಲ,” ಎಂದು ಶುರುಮಾಡಿದರು ಮೇಡಂ.

“ಯಾವ ಹುಡುಗಿ ಮೇಡಂ?”

“ಕಾಲೇಜಿಂದ ಬಂದಿದ್ದಳಲ್ಲ. ಸೆಖೆ ಬಗ್ಗೆ ಕೇಳೋಕೆ.”

“ಹುಡುಗಿ ಯಾರೂ ಬಂದಿಲ್ಲ. ಒಬ್ಬ ಹುಡುಗ ಬರ್ತಿದ್ದ. ಉದ್ದಕ್ಕಿದ್ದ, ಮಾತಿಲ್ಲ ಕತೆಯಿಲ್ಲ. ಬಾಗಿಲ ಹತ್ರ ಒಂದು ಕಡ್ಡಿ ಹಿಡ್ಕೊಂಡು ನಿಂತು ಏನೋ ಗೀಚ್ಕೋತಿದ್ದ. ಆರೋಗ್ಯ ಇಲಾಖೆ ಕಡೆಯವನು ಅಂತ ನಮ್ಮ ಮಾಲೀಕರು ಹೆದರ್ಕೊಂಡು ದಿನಾ ನೆಲ ತೊಳೆಸಿದ್ರು.”

ಮೇಡಂ ಚೀಲದಿಂದ ಪ್ರಬಂಧ ತೆಗೆದರು. ಬಹುಶಃ ಇವನು ಮರೆತಿರಬೇಕು ಎಂದುಕೊಂಡು ಮೊದಲ ಸಾಲುಗಳನ್ನು ಓದಿದರು. ಬನ್ನಣ್ಣ ಚಹಾದ ಲೋಟ ಕೆಳಗಿಟ್ಟು, ತಲೆ ಓರೆ ಮಾಡಿ ಕೇಳಿದ.

“ಚೆನ್ನಾಗಿದೆ,” ಎಂದ. “ಯಾರು ಹೇಳಿದ್ದು?”

“ನೀವು.”

“ನಾನಾ?” ಅವನಿಗೆ ನಗು ಬಂತು. “ಅಕ್ಕಾ, ನಾನು ಇಲ್ಲಿಗೆ ಬಂದು ಮೂರು ನಾಲ್ಕು ವರ್ಷ ಆಯ್ತಷ್ಟೆ. ಅದಕ್ಕೆ ಮೊದಲು ವ್ಯಾನ್ ಓಡಿಸ್ತಿದ್ದೆ. ನನಗೆ ಮಗಳೂ ಇಲ್ಲ, ಇಬ್ಬರೂ ಗಂಡೇ. ಅವರ ಮುಖ ದಿನಾ ನೋಡಿ ಸಾಕಾಗಿದೆ.”

“ಬೇಗ ಕೆಲಸಕ್ಕೆ ಬರ್ತೀರಲ್ಲ?”

“ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ಡು ಹೋಗ್ಬೇಕಲ್ಲ, ಬರಲೇಬೇಕು. ಎಲ್ಲಾ ಬೇಕರಿಲೂ ಹಾಗೇ.”

“ಹಾಗಾದ್ರೆ ಸೆಖೆ ತೊಂದರೆ ಏನೂ ಇಲ್ವಾ?”

ಬನ್ನಣ್ಣ ಯೋಚಿಸಿದ. ಅವರನ್ನು ನಿರಾಸೆಗೊಳಿಸಲು ಅವನಿಗೆ ಇಷ್ಟವಿದ್ದಂತಿರಲಿಲ್ಲ. “ಭಟ್ಟಿ ಮುಂದೆ ನಿಂತವನಿಗೆ ಯಾವ ಕಾಲ ಆದ್ರೇನು ಮೇಡಂ? ನನ್ನ ತಲೆನೋವು ಅಂದ್ರೆ ಆ ಹಿಟ್ಟು ಕಲಸೋ ಮಶೀನು. ಕಲಸೋದಕ್ಕಿಂತ ಕಿರುಚೋದೇ ಜಾಸ್ತಿ.” ಆಮೇಲೆ ಸನ್ಮಾನದ ಸುದ್ದಿ ಕೇಳಿ ಮುಖ ಅರಳಿಸಿ ಹೇಳಿದ, “ಅದನ್ನ ಹೇಳ್ಬೇಕು ಅಂದ್ರೆ ಹೇಳ್ತೀನಿ, ಅದಕ್ಕೇನು. ಬರೆದು ಕೊಡಿ, ಬಾಯಿಪಾಠ ಮಾಡ್ಕೊಂಡು ಬರ್ತೀನಿ.”

ಕೊಡೆ ಬಿಡಿಸುವುದನ್ನೂ ಮರೆತು ಮೇಡಂ ಬಿಸಿಲಲ್ಲೇ ನಡೆದುಬಂದರು. ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗದ್ದರಿಂದ ಅದು ಇನ್ನಷ್ಟು ಏರಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ, ಆ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಿರಿ ಎಂದು ಎಷ್ಟು ವರ್ಷ ಪರೀಕ್ಷೆಯಲ್ಲಿ ಕೇಳಿದ್ದರೋ! ಈಗ ತಾವೇ ಹಗ್ಗ ಹಿಡಿದು ನಿಂತಿದ್ದರು.

ವಕೀಲೆ ಮತ್ತು ಮೌನಿ ಸಂಜೆ ಸಿಬ್ಬಂದಿ ಕೋಣೆಗೆ ಬಂದರು. ಉಳಿದ ಅಧ್ಯಾಪಕರು ಹೋಗಿಯಾಗಿತ್ತು. ವಕೀಲೆ ಇಲ್ಲವೆನ್ನಲಿಲ್ಲ.

“ಹೋಗಿದ್ದೆ ಮೇಡಂ. ಎರಡು ಮೂರು ಸಲ ಹೋಗಿದ್ದೆ. ಅಂಗಡಿ ತುಂಬ ಜನ. ಕೌಂಟರಿನವರು ‘ಏನು ಬೇಕು’ ಅಂದ್ರು. ಏನು ಹೇಳ್ಲಿ? ಬನ್ ತಗೊಂಡು ವಾಪಸ್ ಬಂದೆ.”

“ನನ್ನ ಹತ್ರ ಅರ್ಧ ಅಂಕಕ್ಕೆ ಗಂಟೆಗಟ್ಟಲೆ ವಾದ ಮಾಡ್ತೀಯ. ಒಬ್ಬ ಮನುಷ್ಯನ ಹತ್ರ ಹೋಗಿ ನಾಲ್ಕು ಮಾತು ಕೇಳೋಕೆ ಆಗ್ಲಿಲ್ವಾ?”

“ನಿಮ್ಮ ಹತ್ರ ಏನು ಮಾತಾಡ್ಬೇಕು ಅಂತ ಗೊತ್ತು ಮೇಡಂ. ಅವರ ಹತ್ರ ಗೊತ್ತಿಲ್ಲ.” ಅವಳ ಕಿವಿ ಕೆಂಪಾಗಿತ್ತು. ಆದರೆ ಬಹಳ ಹೊತ್ತು ತಲೆ ತಗ್ಗಿಸಿ ನಿಲ್ಲುವವಳಲ್ಲ. “ಒಂದು ಕೇಳ್ತೀನಿ. ಭೂಮಿ ಬಿಸಿ ಆಗ್ತಿರೋದು ಸುಳ್ಳಾ?”

“ಅಲ್ಲ.”

“ಸೆಖೆಲಿ ದುಡಿಯೋರಿಗೆ ಕಷ್ಟ ಹೆಚ್ಚಾಗ್ತಿರೋದು ಸುಳ್ಳಾ?”

“ಅಲ್ಲ. ಎಷ್ಟೋ ಕಡೆ ಅಳೆದು ನೋಡಿದ್ದಾರೆ.”

“ಮತ್ತೆ ನಾನು ಬರೆದಿದ್ದು ಸುಳ್ಳು ಹೇಗಾಯ್ತು? ಬನ್ನಣ್ಣ ಅಲ್ದಿದ್ರೆ ಇನ್ನೊಬ್ಬ ಅಣ್ಣ ಎಲ್ಲೋ ಹಾಗೆ ಹೇಳಿರ್ತಾನೆ.”

“ಹಾಗಾದ್ರೆ ಆ ಇನ್ನೊಬ್ಬನನ್ನ ಹುಡುಕಿ ಬರಿ!” ಮೇಡಂ ದನಿ ಏರಿತು. “ಇದನ್ನೆಲ್ಲ ನಂಬದ ಒಬ್ಬ ನಾಳೆ ಬೇಕರಿಗೆ ಹೋಗಿ ಕೇಳ್ತಾನೆ. ಬನ್ನಣ್ಣ ‘ನಾನು ಹೇಳೇ ಇಲ್ಲ’ ಅಂತಾನೆ. ಆಮೇಲೆ ಬಿಸಿಲಲ್ಲಿ ನಿಂತು ನಿಜವಾಗಿ ಅಳೆದವರ ಮಾತನ್ನೂ ‘ಇದೂ ಅಂಥದ್ದೇ’ ಅಂತಾರೆ. ನಿಜಕ್ಕೆ ಸುಳ್ಳಿನ ಊರುಗೋಲು ಕೊಟ್ರೆ ಅದು ಕುಂಟ ಅಂತಲೇ ಜನ ತಿಳ್ಕೋತಾರೆ.”

“ಯಾರು ಹೋಗಿ ಕೇಳ್ತಾರೆ ಮೇಡಂ? ಸನ್ಮಾನ ಅಂತ ಇಲ್ದಿದ್ರೆ ನೀವೂ ಹೋಗ್ತಿರ್ಲಿಲ್ಲ.”

ಆ ಮಾತು ನಾಟಿತು. ಮೌನಿ ಮೆಲ್ಲಗೆ ತನ್ನ ಚೀಲದ ಜಿಪ್ಪು ತೆಗೆದ. ಕರಡಿನ ಕೊನೆಯ ಪುಟವನ್ನು ಮೇಜಿನ ಮೇಲೆ ಇಟ್ಟ. ಅವನ ಪ್ಯಾರಾದ ಮೇಲೆ ಎಳೆದ ಕೆಂಪು ಗೆರೆಗಳು ಇನ್ನೂ ನಿಚ್ಚಳವಾಗಿದ್ದವು.

“ನಾನು ಬರೆದಿದ್ದೆ ಮೇಡಂ,” ಎಂದ. ಮೇಡಂ ಅವನ ದನಿ ಕೇಳಿದ್ದು ಅದೇ ಮೊದಲು. “ನೀವು ಬೇಡ ಅಂದ್ರಿ.”

‘ನೀರಸ. ಬೇಕಿಲ್ಲ.’ ತಮ್ಮದೇ ಅಕ್ಷರ. ಮೇಡಂ ಅದನ್ನು ನೋಡುತ್ತ ಕುಳಿತರು. ಏನನ್ನೂ ಹೇಳಲಾಗದು ಎಂದವನ ಬಾಯಿ ಮುಚ್ಚಿಸಿ, ಇಲ್ಲದ್ದನ್ನು ಹೇಳಿದವಳ ಬೆನ್ನು ತಟ್ಟಿದ್ದೆ ಎಂಬುದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ನಂದೂ ತಪ್ಪಿದೆ,” ಎಂದರು. ಅದನ್ನು ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ, ಹೇಳಿದ ಮೇಲೆ ಸಮಾಧಾನವೂ ಆಗಲಿಲ್ಲ. ವಕೀಲೆಯ ಮುಖದಲ್ಲಿ ‘ಹಾಗಾದರೆ ನನ್ನದು ಬಿಟ್ಟುಬಿಡಿ’ ಎಂಬ ಆಸೆ ಮಿಂಚಿದ್ದು ಕಂಡು ಕೂಡಲೇ ಸೇರಿಸಿದರು, “ನಿಂದು ಹೋಗ್ಲಿಲ್ಲ. ಇಬ್ಬರದೂ ಇದೆ. ಪ್ರಬಂಧ ವಾಪಸ್ ತಗೋತಿದ್ದೀವಿ.”

ಪ್ರಿನ್ಸಿಪಾಲರು ಈ ಸಲ ನಗಲಿಲ್ಲ. “ಪುಸ್ತಿಕೆ ಅಚ್ಚಾಗಿ ಬಂದಿದೆ ಮೇಡಂ. ಅತಿಥಿಗಳಿಗೆ ಒಂದು ಪ್ರತಿ ಹೋಗಿದೆ. ಅವನೇ ಹೇಳ್ತೀನಿ ಅಂತಿದ್ದಾನೆ ಅಂದ ಮೇಲೆ ಹೇಳ್ಲಿ ಬಿಡಿ. ಹೇಳಿದ ಮೇಲೆ ಅದು ಅವನ ಮಾತೇ ಆಯ್ತು.”

“ಸರ್, ಅದು ನಾಟಕ ಆಗುತ್ತೆ.”

“ಒಳ್ಳೆ ಉದ್ದೇಶಕ್ಕೆ ತಾನೇ? ನಾವೇನು ಯಾರ ಮನೆ ಮುರೀತಿದ್ದೀವಾ?”

“ಈ ಪಾಠದ ಹೆಸರು ಸಂಶೋಧನೆ ಸರ್. ನೀವೇ ಇಟ್ಟಿದ್ದು.”

“ನೀವು ವ್ಯಾಕರಣದವರು, ಚುಕ್ಕಿ ಅಲ್ಪವಿರಾಮಕ್ಕೆಲ್ಲ ಜಗಳ ಆಡ್ತೀರಿ.”

“ಅತಿಥಿಗಳು ಕೇಳಿದ್ರೆ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ,” ಎಂದರು ಮೇಡಂ.

ಕೊನೆಗೆ ಬನ್ನಣ್ಣನ ಸನ್ಮಾನ ರದ್ದಾಯಿತು. ಪುಸ್ತಿಕೆಗಳಿಂದ ಆ ಹಾಳೆಗಳನ್ನು ಗುಮಾಸ್ತರು ಅಡಿಪಟ್ಟಿ ಹಿಡಿದು ಒಂದೊಂದಾಗಿ ಹರಿದರು. ವೇದಿಕೆಗೆ ಏನಾದರೂ ಬೇಕಿತ್ತಲ್ಲ, ಭೂಮಿತಾಯಿ ಅಳುವ ಪ್ರಬಂಧವೊಂದು ಆಯ್ಕೆಯಾಯಿತು. ಮೇಡಂ ಅದಕ್ಕೆ ಪಾಸಾಗುವಷ್ಟೂ ಅಂಕ ಕೊಟ್ಟಿರಲಿಲ್ಲ. ಹಿಂದಿನ ಬೆಂಚಿನ ಹುಡುಗ ಅದನ್ನು ಕೈ ಬೀಸಿ, ಕಣ್ಣು ಮುಚ್ಚಿ, ಒಂದು ಕಡೆ ದನಿ ಬಿಕ್ಕಿಸಿ ಓದಿದ. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಅತಿಥಿಗಳು ಎದ್ದು ಬಂದು ಅವನ ಬೆನ್ನು ತಟ್ಟಿದರು. ಸಭಿಕರ ನಡುವೆ ಕೂತಿದ್ದ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ ಓರೆಗಣ್ಣಲ್ಲಿ ನೋಡಿದ ಮೇಲೆ ಎರಡು ಸಲ ತಟ್ಟಿದರು.

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದರು. “ಅಲ್ಲ ಕಣೇ,” ಎಂದರು ಅತ್ತೆ, “ಅವನು ಹೇಳಿದ್ದು ಸುಳ್ಳಾದ್ರೂ ನನಗೆ ಅಳು ಬಂದಿದ್ದು ನಿಜ ತಾನೇ?”

“ಅದೇ ಸಮಸ್ಯೆ ಅತ್ತೆ!”

“ನನ್ನ ಮೇಲ್ಯಾಕೆ ರೇಗ್ತೀಯ? ನಾನೇನು ನಿನ್ನ ವಿದ್ಯಾರ್ಥಿನಾ?” ಎಂದು ಅತ್ತೆ ಮುಖ ತಿರುಗಿಸಿ ಕುಳಿತರು. ಅಂದು ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಂಡರು.

ವಕೀಲೆ ಮತ್ತು ಮೌನಿ ತಮ್ಮ ಪ್ರಬಂಧವನ್ನು ಮತ್ತೆ ಬರೆಯಲೇಬೇಕಿತ್ತು. ಬೇರೆಯವರ ಪ್ರಬಂಧಗಳನ್ನೂ ಮೇಡಂ ಈಗ ಹೊಸ ಕಣ್ಣಿನಿಂದ ನೋಡಿದರು. ನೋಡಿದಷ್ಟೂ ತಲೆ ಕೆಟ್ಟಿತು. ಕಟ್ಟಡದ ಮೇಸ್ತ್ರಿ, ಇಸ್ತ್ರಿಯವನು, ತಳ್ಳುಗಾಡಿಯವಳು, ಎಲ್ಲರೂ ಒಂದೇ ಬಗೆಯ ಸುಂದರ ವಾಕ್ಯಗಳಲ್ಲಿ ನರಳುತ್ತಿದ್ದರು. “ನಿಜವಾಗಿ ಹೋಗಿ ಕೇಳಿದವರು ಎಷ್ಟು ಜನ?” ಎಂದು ತರಗತಿಯಲ್ಲಿ ಕೇಳಿದರೆ ಮೂಲೆಯಲ್ಲಿ ಒಂದೆರಡು ಕೈ ಎದ್ದವು, ಅವೂ ಅರ್ಧಕ್ಕೆ. ಬರೆಯುವುದನ್ನು ಕಲಿಸಿದ್ದರು, ಕೇಳುವುದನ್ನು ಕಲಿಸಿರಲಿಲ್ಲ. ಕಲಿಸಬೇಕು ಎಂದು ಅವರಿಗೂ ಯಾರೂ ಹೇಳಿರಲಿಲ್ಲ.

ವಕೀಲೆ ಮತ್ತು ಮೌನಿಯನ್ನು ಕರೆದುಕೊಂಡು ಮೇಡಂ ತಾವೇ ಬೇಕರಿಗೆ ಹೊರಟರು. ಸನ್ಮಾನ ತಪ್ಪಿದ್ದಕ್ಕೆ ಬನ್ನಣ್ಣನಿಗೆ ಸ್ವಲ್ಪ ಮುನಿಸಿತ್ತು. ಮಾಲೀಕರಿಗೂ ಹೆಂಡತಿಗೂ ಹೇಳಿಯಾಗಿತ್ತಂತೆ, ಹೊಸ ಅಂಗಿ ಬೇರೆ ತಂದಿದ್ದನಂತೆ. ಮೇಡಂ ಕ್ಷಮೆ ಕೇಳಿದರು. “ಹೋಗ್ಲಿ ಬಿಡಿ, ಅಂಗಿ ಅಂತೂ ಉಳೀತು,” ಎಂದ. ಮೇಡಂ ಓಣಿಯಲ್ಲೇ ನಿಂತು ವಕೀಲೆಯನ್ನು ಒಳಗೆ ಕಳಿಸಿದರು. ಒಳಗಿನ ಮಾತು ಕೇಳಿಸುತ್ತಿತ್ತು.

“ಅಣ್ಣಾ, ಈಗೀಗ ಸೆಖೆ ತುಂಬ ಜಾಸ್ತಿ ಆಗಿದೆ, ಅಲ್ವಾ?”

“ಹೌದಮ್ಮಾ.”

“ಮೊದಲು ಇಷ್ಟಿರ್ಲಿಲ್ಲ, ಅಲ್ವಾ?”

“ಇರ್ಲಿಲ್ಲ.”

“ಅದರಿಂದ ನಿಮಗೆ ತುಂಬ ಕಷ್ಟ ಆಗ್ತಿದೆ, ಅಲ್ವಾ?”

“ಆಗುತ್ತಮ್ಮಾ, ಆಗದೇ ಏನು.”

ವಕೀಲೆ ಗೆದ್ದ ಮುಖ ಹೊತ್ತು ಹೊರಬಂದಳು. “ಎಲ್ಲಾ ಹೌದು ಅಂದ್ರು ಮೇಡಂ! ಮೊದಲನೇದನ್ನೇ ಇಟ್ಕೋಬಹುದು.”

ಮೇಡಂ ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. “‘ಅಲ್ವಾ’ ಅಂತ ಕೇಳಿದ್ರೆ ಮರ್ಯಾದಸ್ಥ ಮನುಷ್ಯ ‘ಹೌದು’ ಅನ್ನದೇ ಇನ್ನೇನು ಅಂತಾನೆ? ‘ನೀವು ಆನೆ ಸಾಕಿದ್ರಿ ಅಲ್ವಾ’ ಅಂದಿದ್ರೂ ಹೌದು ಅಂತಿದ್ದ. ಮತ್ತೆ ಒಳಗೆ ಹೋಗು. ಬಾಯಲ್ಲಿ ‘ಅಲ್ವಾ’ ಬರಬಾರದು.”

“ಅಲ್ವಾ ಅನ್ನದೇ ಹೇಗೆ ಮಾತಾಡೋದು ಮೇಡಂ?”

“ಅದನ್ನೇ ಕಲಿ ಅಂತಿರೋದು!”

ಎರಡನೇ ಸಲ ಅವಳಿಗೆ ಮಾತೇ ಹೊರಡಲಿಲ್ಲ. ಮಶೀನು ಕಿರುಚುವುದು ಮಾತ್ರ ಕೇಳಿಸಿತು. ಆಗ ಈ ಸಲ ಜೊತೆಗೆ ಒಳಗೆ ಹೋಗಿದ್ದ ಮೌನಿ ಕೇಳಿದ, “ಸೆಖೆ ದಿನ ಏನಾದ್ರೂ ಬೇರೆ ಥರ ಮಾಡ್ತೀರಾ?”

“ಬೇರೆ ಥರ ಅಂದ್ರೆ... ಹಿಟ್ಟಿಗೆ ಐಸ್ ನೀರು ಹಾಕ್ತೀವಿ. ಇಲ್ದಿದ್ರೆ ಬೇಗ ಉಬ್ಬಿ ಹುಳಿ ಬರುತ್ತೆ.”

“ಯಾವಾಗಿಂದ?” ಎಂದಳು ವಕೀಲೆ.

“ಗೊತ್ತಿಲ್ಲಮ್ಮಾ. ನನಗಿಂತ ಮುಂಚೆ ಇದ್ದವರು ಹಾಕ್ತಿದ್ರು, ನಾನೂ ಹಾಕ್ತೀನಿ.”

“ಅವರು ಎಲ್ಲಿದ್ದಾರೆ?”

“ಬಿಟ್ಟು ಹೋದ್ರು. ಎಲ್ಲಿ ಅಂತ ಮಾಲೀಕರಿಗೂ ಗೊತ್ತಿಲ್ಲ.”

“ವರ್ಷದಲ್ಲಿ ಎಷ್ಟು ದಿನ ಹಾಕ್ಬೇಕಾಗುತ್ತೆ?”

“ಯಾರು ಲೆಕ್ಕ ಇಟ್ಟಿದ್ದಾರೆ?”

ವಕೀಲೆ ಹೊರಬಂದಾಗ ಅವಳ ಮುಖ ಸಪ್ಪಗಿತ್ತು. “ಇವರಿಗೆ ಏನೂ ಗೊತ್ತಿಲ್ಲ ಮೇಡಂ.”

“ಅವರಿಗೆ ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಬರಿ.”

“ಅದನ್ನ ಯಾರು ಓದ್ತಾರೆ?”

“ನಾನು ಓದ್ತೀನಿ,” ಎಂದರು ಮೇಡಂ. ಹೇಳಿಕೊಳ್ಳುವಷ್ಟು ದೊಡ್ಡ ಆಮಿಷವೇನೂ ಅಲ್ಲ ಅದು ಎಂದು ಇಬ್ಬರಿಗೂ ತಿಳಿಯಿತು.

ಆಮೇಲಿನ ವಾರಗಳು ಜಗಳದಲ್ಲೇ ಕಳೆದವು. ವಕೀಲೆ ತಂದ ಪ್ರತಿಯಲ್ಲಿ ಐಸ್ ನೀರು ‘ಕಣ್ಣೀರಿನಂತೆ ತಣ್ಣಗೆ’ ಇತ್ತು. ಕಣ್ಣೀರು ಬಿಸಿ ಇರುತ್ತದೆ ಎಂದು ಮೇಡಂ ಹೊಡೆದು ಹಾಕಿದರು. ಮುಂದಿನದರಲ್ಲಿ ಕೋಪಕ್ಕೆ ಎಲ್ಲ ಉಪಮೆಗಳನ್ನೂ ತೆಗೆದು ಸರ್ಕಾರಿ ಸುತ್ತೋಲೆಯ ಹಾಗೆ ಬರೆದು ತಂದಳು. ಅದನ್ನೂ ಮೇಡಂ ಹಿಂದಿರುಗಿಸಿದರು. “ಹೇಗೆ ಬರೆದ್ರೆ ನಿಮಗೆ ಸರಿ?” ಎಂದು ಅವಳು ಸಿಬ್ಬಂದಿ ಕೋಣೆಯಲ್ಲಿ ಎಲ್ಲರ ಎದುರು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಳು. ಮೇಡಂಗೆ ಕರುಣೆ ಬಂದರೂ ಬಿಡಲಿಲ್ಲ. ಕೊನೆಯ ಪ್ರತಿ ಬಂದಾಗ ಅದರಲ್ಲಿ ಮೌನಿಯ ಪ್ಯಾರಾ ಮರಳಿ ಬಂದಿತ್ತು, ಈ ಬಾರಿ ಆರಂಭದಲ್ಲಿ. ಅದರ ನಂತರ ವಕೀಲೆ ಬರೆದಿದ್ದಳು: ‘ಸೆಖೆಯ ದಿನಗಳಲ್ಲಿ ಈ ಬೇಕರಿಯಲ್ಲಿ ಹಿಟ್ಟಿಗೆ ಐಸ್ ನೀರು ಹಾಕುತ್ತಾರೆ. ಅಂಥ ದಿನಗಳು ಹೆಚ್ಚಾಗಿವೆಯೇ ಎಂಬುದು ನಮ್ಮ ಪ್ರಶ್ನೆ. ಯಾರೂ ಎಣಿಸಿಲ್ಲ. ಎಣಿಸುವುದನ್ನು ನಾವು ಈ ತಿಂಗಳು ಶುರುಮಾಡಿದ್ದೇವೆ. ಒಂದು ತಿಂಗಳಿನಿಂದ ಏನೂ ತಿಳಿಯುವುದಿಲ್ಲ.’

ಮೇಡಂ ಅದಕ್ಕೆ ಮಧ್ಯಮ ಅಂಕ ಕೊಟ್ಟರು. ವಾಕ್ಯಗಳು ಇನ್ನೂ ಒರಟಾಗಿದ್ದವು. ಮೌನಿ ಅಂಕ ನೋಡಿ ತಲೆಯಾಡಿಸಿ ಹೋದ. ಪ್ರಬಂಧವನ್ನು ಗ್ರಂಥಾಲಯದಲ್ಲಿ ಇಡಿಸಲು ಮೇಡಂ ಪ್ರಯತ್ನಿಸಿದರು. ಫಲಿತಾಂಶವೇ ಇಲ್ಲದ್ದನ್ನು ಯಾವ ಕಪಾಟಿನಲ್ಲಿ ಇಡಲಿ ಎಂದರು ಗ್ರಂಥಪಾಲಕರು. ಮುಂದಿನ ವರ್ಷದ ವೇಳಾಪಟ್ಟಿ ಬಂದಾಗ ಸಂಶೋಧನೆಯ ಪಾಠ ವಾಣಿಜ್ಯ ವಿಭಾಗದ ಹೊಸ ಅಧ್ಯಾಪಕನ ಹೆಸರಿನಲ್ಲಿತ್ತು. ಅದನ್ನು ಹೇಗೆ ಕಲಿಸಬೇಕು ಎಂಬುದು ಮೇಡಂಗೆ ಈಗಷ್ಟೇ ಸ್ವಲ್ಪ ಕೈಗೆ ಹತ್ತುತ್ತಿತ್ತು. ಮೇಡಂ ಪ್ರಿನ್ಸಿಪಾಲರ ಬಳಿ ಹೋಗಿ, “ಇನ್ನೊಂದು ವರ್ಷ ಕೊಡಿ ಸರ್,” ಎಂದರು.

“ನೀವೇ ಬೇಡ ಅಂದಿದ್ರಲ್ಲ ಮೇಡಂ,” ಎಂದು ಪ್ರಿನ್ಸಿಪಾಲರು ಧಾರಾಳವಾಗಿ ನಕ್ಕರು.

ಪರೀಕ್ಷೆಗಳು ಮುಗಿದ ದಿನ ವಕೀಲೆ ಮಹಡಿಯ ಮೆಟ್ಟಿಲ ಬಳಿ ಮೇಡಂಗಾಗಿ ಕಾದಿದ್ದಳು. ಅಂಕದ ಮಾತಿರಬೇಕು ಎಂದು ಮೇಡಂ ಮೊದಲೇ ಉಸಿರು ಬಿಗಿಹಿಡಿದರು.

“ಮೇಡಂ, ಮೊದಲು ಬರೆದಿದ್ದೇ ಚೆನ್ನಾಗಿತ್ತು.”

“ಚೆನ್ನಾಗಿತ್ತು.”

“ನಿಮಗೂ ಇಷ್ಟ ಆಗಿತ್ತು.”

“ಆಗಿತ್ತು. ಈಗಲೂ ಎರಡು ಸಾಲು ಬಾಯಿಗೆ ಬರ್ತವೆ. ನನ್ನ ಕೋಪವೇ ಅದು.”

ವಕೀ‍ಲೆ ಒಂದು ಕ್ಷಣ ಖುಷಿಪಟ್ಟಳು, ಅದನ್ನು ಮುಚ್ಚಿಡಲಿಲ್ಲ. “ಅದನ್ನ ಒಂದು ಪತ್ರಿಕೆಗೆ ಕಳಿಸ್ಲಾ?”

“ಕಥೆ ಅಂತ ಮೇಲೆ ಬರೆದು ಕಳಿಸು. ಬನ್ನಣ್ಣ ಅನ್ನೋ ಹೆಸರು ತೆಗೆದುಬಿಡು.”

“ಆ ಹೆಸರು ತೆಗೆದ್ರೆ ಸಪ್ಪೆ ಆಗುತ್ತೆ ಮೇಡಂ.”

“ಅವರನ್ನ ಕೇಳಿ ಇಟ್ಕೋ ಹಾಗಾದ್ರೆ.”

“ಬೇಡ ಅಂದ್ರೆ?”

“ಬೇಡ ಅಂದ್ರೆ ಬೇಡ. ಬೇರೆ ಹೆಸರು ಹುಡುಕು, ನಿನಗೇನು ಹೆಸರಿಗೆ ಬರವಾ?”

“ಕಥೆ ಅಂದ ಮೇಲೂ ಕೇಳ್ಬೇಕಾ? ಅದು ಯಾವ ನ್ಯಾಯ?”

ಮೇಡಂ ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಮೆಟ್ಟಿಲಿಳಿಯತೊಡಗಿದರು. ವಕೀಲೆ ಪಕ್ಕದಲ್ಲೇ ಇಳಿದಳು. ಇಬ್ಬರೂ ಗೇಟು ದಾಟಿ, ಅವಳ ಬಸ್ಸು ಬರುವವರೆಗೂ ಆ ವಾದ ಮುಗಿಯಲಿಲ್ಲ.